ನಲ್ಲಿ ನೀರು ಬಿಟ್ಟ ದಿನವೇ ಡೆಂಗಿಗೆ ದಾರಿ: ದಾವಣಗೆರೆ, ಹರಿಹರದ ಡ್ರಮ್ಮುಗಳು ಹೇಳೋ ಲೆಕ್ಕ

ದಾವಣಗೆರೆ/ಹರಿಹರ: ನಲ್ಲಿ ನೀರು ಬಿಟ್ಟ ದಿನ ದಾವಣಗೆರೆಯ ಓಣಿಗಳಲ್ಲಿ ಒಂದೇ ಗದ್ದಲ. ಕೊಡ, ಬಕೆಟ್, ಹಂಡೆ, ಪ್ಲಾಸ್ಟಿಕ್ ಡ್ರಮ್, ಸಿಮೆಂಟ್ ತೊಟ್ಟಿ, ಸಂಪು – ಮನೆಯಲ್ಲಿ ನೀರು ಹಿಡಿಯೋ ಪಾತ್ರೆ ಏನೇನಿದೆಯೋ ಅದೆಲ್ಲಾ ತುಂಬಬೇಕು. ಮತ್ತೆ ಯಾವತ್ತು ಬಿಡ್ತಾರೋ ಗೊತ್ತಿಲ್ಲ. ಡ್ರಮ್ಮಿನ ತಳದಲ್ಲಿ ಉಳಿದ ಹಳೇ ನೀರು ಚೆಲ್ಲೋಕೆ ಮನಸ್ಸು ಬರಲ್ಲ, ತಿಕ್ಕಿ ತೊಳೆಯೋಕೆ ಟೈಮೂ ಇರಲ್ಲ. ಹಳೇ ನೀರಿನ ಮೇಲೆಯೇ ಹೊಸ ನೀರು ಬೀಳುತ್ತೆ.

ಮಳೆಗಾಲದಲ್ಲಿ ಈ ಎರಡೂ ಊರುಗಳ ಆಸ್ಪತ್ರೆ ತುಂಬಿಸೋ ಡೆಂಗಿ ಜ್ವರದ ಕಥೆ ಶುರುವಾಗೋ ಜಾಗಗಳಲ್ಲಿ ಇದು ಮುಖ್ಯವಾದದ್ದು. ಜನ ಬೈಯೋದು ಚರಂಡಿಗೆ, ಪಾಲಿಕೆ ಬಿಡೋದು ಹೊಗೆ. ಸೊಳ್ಳೆ ಮಾತ್ರ ಅಡುಗೆ ಮನೆ ಪಕ್ಕದ ಡ್ರಮ್ಮಿನಲ್ಲಿ ಆರಾಮಾಗಿ ಬೆಳೀತಾ ಇರುತ್ತೆ.

ಚರಂಡಿ ಸೊಳ್ಳೆಯೇ ಬೇರೆ

ರಾತ್ರಿ ಮಲಗಿದಾಗ ಕಿವಿ ಹತ್ತಿರ ಗುಂಯ್ ಅನ್ನೋ ಸೊಳ್ಳೆ ಹೆಚ್ಚಾಗಿ ಕ್ಯೂಲೆಕ್ಸ್. ಅದು ಗಲೀಜು ನೀರಿನಲ್ಲಿ, ಚರಂಡಿಯಲ್ಲಿ ಬೆಳೆಯುತ್ತೆ. ಡೆಂಗಿ ಹರಡೋದು ಈಡಿಸ್ ಈಜಿಪ್ಟಿ ಅನ್ನೋ ಬೇರೆ ಜಾತಿ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಅದಕ್ಕೆ ಬೇಕಾಗಿರೋದು ನಿಂತ ತಿಳಿ ನೀರು. ಅಂದರೆ ನಾವು ಕುಡಿಯೋಕೆ, ಬಳಸೋಕೆ ಅಂತ ಜೋಪಾನವಾಗಿ ಹಿಡಿದಿಟ್ಟ ನೀರೇ ಅದಕ್ಕೂ ಇಷ್ಟ. ಚಿಕೂನ್‌ಗುನ್ಯಾ, ಝಿಕಾ ಹರಡೋದೂ ಇದೇ ಸೊಳ್ಳೆ.

ಇದು ಕಚ್ಚೋದು ಹಗಲು ಹೊತ್ತು. ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗೋ ಮುಂಚೆ ಇದರ ಹಾವಳಿ ಜಾಸ್ತಿ. ಹಾಗಾಗಿ ರಾತ್ರಿ ಕಾಯಿಲ್ ಹಚ್ಚಿದ ಮಾತ್ರಕ್ಕೆ ಡೆಂಗಿಯಿಂದ ಬಚಾವ್ ಅಂತ ಅಂದುಕೊಳ್ಳೋ ಹಾಗಿಲ್ಲ. ಹೆಚ್ಚು ದೂರ ಹಾರೋ ಸೊಳ್ಳೆಯೂ ಅಲ್ಲ. ಹುಟ್ಟಿದ ಜಾಗದ ಸುತ್ತ ನೂರಿನ್ನೂರು ಮೀಟರ್ ಒಳಗೇ ಸಾಮಾನ್ಯವಾಗಿ ಅದರ ಬದುಕು ಮುಗಿಯುತ್ತೆ. ಒಂದು ಓಣಿಯಲ್ಲಿ ಮೂರ್ನಾಲ್ಕು ಮನೆಯವರಿಗೆ ಡೆಂಗಿ ಬಂತು ಅಂದರೆ ಸೊಳ್ಳೆ ಹುಟ್ಟಿರೋದು ಎಲ್ಲೋ ಊರಾಚೆ ಕೆರೆಯಲ್ಲಿ ಅಂತ ಹುಡುಕೋದು ದಂಡ. ಅದೇ ಓಣಿಯಲ್ಲಿ, ಇಲ್ಲವೇ ಆ ಮನೆಯವರು ಹಗಲೆಲ್ಲಾ ಇರೋ ಅಂಗಡಿ, ಶಾಲೆ, ಕಚೇರಿ ಸುತ್ತಮುತ್ತ ಹುಡುಕಬೇಕು.

ಡ್ರಮ್ಮಿನ ಗೋಡೆಯ ಲೆಕ್ಕ

ಈ ಸೊಳ್ಳೆ ಮೊಟ್ಟೆ ಇಡೋ ರೀತಿ ಗೊತ್ತಾದರೆ ನೀರು ಬಿಡೋ ದಿನಕ್ಕೂ ಡೆಂಗಿಗೂ ಇರೋ ನಂಟು ಅರ್ಥ ಆಗುತ್ತೆ. ಹೆಣ್ಣು ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ತೇಲಿ ಬಿಡಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಯ ಒದ್ದೆ ಜಾಗಕ್ಕೆ ಅಂಟಿಸುತ್ತೆ. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ. ಕಣ್ಣಿಗೆ ಕಪ್ಪು ಚುಕ್ಕಿ ಥರ ಕಂಡರೆ ಕಂಡೀತು, ಅಷ್ಟೇ. ನೀರು ಖಾಲಿಯಾಗಿ ಪಾತ್ರೆ ಒಣಗಿದರೂ ಆ ಮೊಟ್ಟೆ ಸಾಯಲ್ಲ. ತಿಂಗಳುಗಟ್ಟಲೆ ಹಾಗೇ ಕಾಯುತ್ತೆ. ಮತ್ತೆ ನೀರು ಮೇಲೇರಿ ಮೊಟ್ಟೆ ಮುಳುಗಿದ ಕೂಡಲೇ ಒಡೆದು ಮರಿ ಬರುತ್ತೆ. ನಮ್ಮ ಕಡೆ ನೀರಿನ ಹುಳ ಅಂತ ಕರೆಯೋ, ಆರೋಗ್ಯ ಇಲಾಖೆಯವರು ಲಾರ್ವಾ ಅನ್ನೋ ಮರಿ ಅದೇ.

ಈಗ ನಮ್ಮ ಡ್ರಮ್ಮಿನ ಕಥೆ ನೋಡಿ. ನೀರು ಬಿಟ್ಟ ದಿನ ಡ್ರಮ್ ಫುಲ್. ದಿನಾ ಬಳಸಿದಂತೆ ನೀರು ಇಳಿಯುತ್ತೆ, ಒಳಗೋಡೆ ಒದ್ದೆಯಾಗಿ ಉಳಿಯುತ್ತೆ. ಸೊಳ್ಳೆ ಬಂದು ಅಲ್ಲಿ ಮೊಟ್ಟೆ ಅಂಟಿಸುತ್ತೆ. ಮುಂದಿನ ಸಲ ನೀರು ಬಿಟ್ಟಾಗ ಗೋಡೆ ತಿಕ್ಕದೇ ಮತ್ತೆ ಫುಲ್ ಮಾಡಿದರೆ, ಕಾದು ಕೂತಿದ್ದ ಮೊಟ್ಟೆಗಳೆಲ್ಲಾ ಒಟ್ಟಿಗೇ ನೀರಿಗೆ ಬೀಳುತ್ತವೆ. ಮೊಟ್ಟೆ ಒಡೆದ ಮೇಲೆ ಹಾರೋ ಸೊಳ್ಳೆ ಆಗೋಕೆ ನಮ್ಮ ಹವಾಮಾನದಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಇಳಿದು ಏರೋ ನೀರು ಈ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ.

'ವಾರಕ್ಕೊಮ್ಮೆ ಎಲ್ಲಾ ಪಾತ್ರೆ ಖಾಲಿ ಮಾಡಿ, ಒಣಗಿಸಿ' ಅಂತ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೇಳ್ತಾರೆ. ಮಾತು ಸರಿ. ಆದರೆ ನೀರು ಯಾವತ್ತು ಬರುತ್ತೆ ಅಂತ ಗ್ಯಾರಂಟಿ ಇಲ್ಲದ ಮನೆಯವರು ಅರ್ಧ ಡ್ರಮ್ ನೀರು ಚೆಲ್ಲಿ ಡ್ರಮ್ ಬೋರಲು ಹಾಕ್ತಾರಾ? ದಿನಾ ಎರಡು ಹೊತ್ತು ನೀರು ಬರೋ ಮನೆಗೆ ಸುಲಭವಾದ ಸಲಹೆ, ನೀರಿಗೆ ಕಾಯೋ ಮನೆಗೆ ನಷ್ಟದ ಸಲಹೆ. ಇಲ್ಲಿಯೇ ಡೆಂಗಿ ಪ್ರಚಾರ ಎಡವೋದು.

ಈ ಮನೆಗಳಿಗೆ ನಿಭಾಯಿಸೋ ದಾರಿ ಒಂದಿದೆ. ನೀರು ಬಿಡೋ ದಿನವನ್ನೇ ಡ್ರಮ್ ತಿಕ್ಕೋ ದಿನ ಮಾಡಿಕೊಳ್ಳೋದು. ನಲ್ಲಿ ಬರೋ ಮುಂಚೆ ತಳದಲ್ಲಿ ಉಳಿದ ನೀರನ್ನು ಬಟ್ಟೆ ಒಗೆಯೋಕೋ ಬಚ್ಚಲಿಗೋ ಬಳಸಿ, ಒಳಗೋಡೆಯನ್ನು ಬ್ರಷ್ಷೋ ತೆಂಗಿನ ನಾರೋ ಹಾಕಿ ಚೆನ್ನಾಗಿ ತಿಕ್ಕಿ, ಆ ನೀರನ್ನು ಮಣ್ಣಿಗೆ ಚೆಲ್ಲಿ, ಆಮೇಲೆ ತುಂಬಬೇಕು. ಸುಮ್ಮನೆ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಯಲ್ಲೇ ಇರುತ್ತೆ. ತುಂಬಿದ ಮೇಲೆ ಹಳೇ ಪಂಚೆಯನ್ನೋ ಸೀರೆ ತುಂಡನ್ನೋ ಬಾಯಿಗೆ ಬಿಗಿಯಾಗಿ ಕಟ್ಟಬೇಕು. ಮೇಲೆ ಹಲಗೆ ಇಟ್ಟರೆ ಸೊಳ್ಳೆ ನುಸುಳೋ ಸಂದಿ ಉಳಿಯುತ್ತೆ. ತೊಳೆಯೋಕೆ ಆಗದ ದೊಡ್ಡ ತೊಟ್ಟಿಗೆ, ಸಂಪಿಗೆ ಮುಚ್ಚಳ ಸರಿಯಾಗಿರಬೇಕು. ಬಳಸೋ ನೀರಿನ ತೊಟ್ಟಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟರೆ ಲಾರ್ವಾ ತಿಂದು ಹಾಕುತ್ತವೆ. ಆರೋಗ್ಯ ಇಲಾಖೆಯವರು ಹಾಕೋ ಟೆಮಿಫಾಸ್ ದ್ರಾವಣ ಇರೋದೂ ಲಾರ್ವಾ ಸಾಯಿಸೋಕೇ.

2006 ನೆನಪಿದೆಯಾ?

ಈ ಸೊಳ್ಳೆ ನಮ್ಮ ಜಿಲ್ಲೆಗೆ ಹೊಸದಲ್ಲ. 2005ರ ಕೊನೆ ಮತ್ತು 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ದೇಶದಲ್ಲೇ ಹೆಚ್ಚು ಪೆಟ್ಟು ತಿಂದಿದ್ದು ಕರ್ನಾಟಕ. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ನಮ್ಮ ರಾಜ್ಯದ್ದು. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ, ವಿಜಯಪುರ, ಚಿತ್ರದುರ್ಗ, ತುಮಕೂರು, ಕೋಲಾರದ ಜೊತೆಗೆ ದಾವಣಗೆರೆಯೂ ಬಾಧಿತ ಜಿಲ್ಲೆಗಳ ಪಟ್ಟಿಯಲ್ಲಿತ್ತು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬಹುಪಾಲು ಬಯಲುಸೀಮೆ, ನೀರಿಗೆ ಪರದಾಡೋ ಜಿಲ್ಲೆಗಳು. ಮಳೆ ಜಾಸ್ತಿ ಬೀಳೋ ಕಡೆ ಸೊಳ್ಳೆ ಜಾಸ್ತಿ ಅನ್ನೋ ಸಾಮಾನ್ಯ ನಂಬಿಕೆಗೆ ಇದು ಉಲ್ಟಾ. ನೀರು ಕಡಿಮೆ ಇರೋ ಕಡೆ ನೀರು ಹಿಡಿದಿಡೋದು ಜಾಸ್ತಿ, ಹಿಡಿದಿಟ್ಟ ನೀರಿನಲ್ಲಿ ಈಡಿಸ್ ಜಾಸ್ತಿ. ಕೀಲು ಹಿಡಿದುಕೊಂಡು ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದವರು ಇವತ್ತಿಗೂ ಹಳ್ಳಿಗಳಲ್ಲಿ ಆ ವರ್ಷದ ಮಾತಾಡ್ತಾರೆ.

ದಾವಣಗೆರೆ ನಗರದ ನೀರಿನ ಪರಿಸ್ಥಿತಿಯೂ ವಿಚಿತ್ರ. ಒಂದು ಕಡೆ ಭದ್ರಾ ನಾಲೆಯ ನೀರು ತುಂಬಿಸಿಕೊಳ್ಳೋ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ. ಇನ್ನೊಂದು ಕಡೆ ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ಎತ್ತೋ ನೀರು. ನಾಲೆ ನಿಂತರೆ, ಹೊಳೆ ಇಳಿದರೆ, ಪೈಪ್ ಒಡೆದರೆ ನೀರು ಬಿಡೋ ದಿನ ಮುಂದಕ್ಕೆ ಹೋಗುತ್ತೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಊರುಗಳಿಗೆ ಅಂತ ಕೈಗೆತ್ತಿಕೊಂಡ 24 ಗಂಟೆ ನೀರಿನ ಯೋಜನೆಗೆ ರಸ್ತೆ ಅಗೆದಿದ್ದು ಎಲ್ಲರಿಗೂ ನೆನಪಿದೆ. ಆ ಯೋಜನೆಯನ್ನು ಬರೀ ಕುಡಿಯೋ ನೀರಿನ ಯೋಜನೆ ಅಂತ ನೋಡಿದರೆ ಸಾಲದು, ಡೆಂಗಿ ತಡೆಯೋ ಯೋಜನೆಯೂ ಅದೇ. ನಲ್ಲಿಯಲ್ಲಿ ಯಾವಾಗಲೂ ನೀರು ಬರುತ್ತೆ ಅನ್ನೋ ನಂಬಿಕೆ ಹುಟ್ಟೋವರೆಗೆ ಯಾವ ಮನೆಯವರೂ ಡ್ರಮ್ ಗುಜರಿಗೆ ಹಾಕಲ್ಲ.

ಹರಿಹರದ್ದು ಹೊಳೆ ದಂಡೆಯ ಊರು. ಹಾಗಂತ ಅಲ್ಲಿ ಡ್ರಮ್ ಇಲ್ಲ ಅಂತಲ್ಲ. ಮೋಟಾರ್ ಕೆಟ್ಟರೆ, ಕರೆಂಟ್ ಹೋದರೆ ಅಂತ ಅಲ್ಲೂ ಜನ ನೀರು ಹಿಡಿದಿಡ್ತಾರೆ. ಹೊಳೆ ಪಕ್ಕದಲ್ಲಿ ಹರಿಯೋದಕ್ಕೂ ಮನೆ ನಲ್ಲಿಯಲ್ಲಿ ಬರೋದಕ್ಕೂ ವ್ಯತ್ಯಾಸ ಇದೆ.

ದಂಡದ ರಸೀದಿ: ಯಾರಿಗೆ ಎಷ್ಟು?

2024 ಡೆಂಗಿ ಜೋರಾಗಿದ್ದ ವರ್ಷ. ಜಗತ್ತಿನಲ್ಲಿ ಆ ವರ್ಷ 1.4 ಕೋಟಿಗೂ ಹೆಚ್ಚು ಪ್ರಕರಣ ವರದಿಯಾದವು. ರಾಜ್ಯದಲ್ಲಿ ಆಗಸ್ಟ್ ಮುಗಿಯೋ ಹೊತ್ತಿಗೆ ಪ್ರಕರಣಗಳ ಸಂಖ್ಯೆ 24 ಸಾವಿರ ದಾಟಿತ್ತು. ಸೆಪ್ಟೆಂಬರ್ ಮೊದಲ ವಾರ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ನಿಯಮ ತಿದ್ದಿ, ಸೊಳ್ಳೆ ಬೆಳೆಯೋಕೆ ಬಿಟ್ಟವರಿಗೆ ದಂಡ ಗೊತ್ತು ಮಾಡಿತು.

ಆಗ ನಿಗದಿಯಾದ ದಂಡ ಹೀಗಿದೆ: ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಂಗಡಿ, ಹೋಟೆಲ್, ಕಚೇರಿ, ಶಾಲೆ, ಆಸ್ಪತ್ರೆ, ಎಳನೀರು ಮಾರೋರು, ಪಂಕ್ಚರ್ ಶಾಪ್, ಗುಜರಿ, ನರ್ಸರಿಗಳಿಗೆ ನಗರದಲ್ಲಿ 1,000, ಹಳ್ಳಿಯಲ್ಲಿ 500. ಕಟ್ಟಡ ಕಟ್ಟೋ ಜಾಗ, ಅರ್ಧಕ್ಕೆ ನಿಂತ ಕಟ್ಟಡ, ಖಾಲಿ ಸೈಟಿಗೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000.

ಕೂಲಿ ಮಾಡೋ ಮನೆಗೆ 400 ಅಂದರೆ ಹತ್ತಿರತ್ತಿರ ಒಂದು ದಿನದ ದುಡಿಮೆ. ಅಪಾರ್ಟ್‌ಮೆಂಟ್ ಕಟ್ಟಿಸೋರಿಗೆ 2,000 ಅಂದರೆ ಒಂದು ಹೊತ್ತಿನ ಟೀ-ತಿಂಡಿ ಖರ್ಚು. ಲಿಫ್ಟಿಗೆ ಅಂತ ತೋಡಿದ ಗುಂಡಿ, ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ನೀರು, ಮೂಲೆಯಲ್ಲಿ ಮರೆತ ಸಿಮೆಂಟ್ ತೊಟ್ಟಿ – ಇಂಥ ಒಂದು ಜಾಗದಲ್ಲಿ ಹುಟ್ಟೋ ಸೊಳ್ಳೆ ಅಕ್ಕಪಕ್ಕದ ಹತ್ತಾರು ಮನೆಗೆ ಸಾಕು. ದಂಡ ಹಾಕೋದೇ ಆದರೆ ಮೊದಲ ರಸೀದಿ ಅಲ್ಲಿ ಹರಿಯಬೇಕು. ಸರ್ಕಾರಿ ಕಚೇರಿಗಳ ಹಿಂದೆ ಬಿದ್ದಿರೋ ಗುಜರಿ ಜೀಪು, ಮುರಿದ ಸಿಂಟೆಕ್ಸ್, ಪೊಲೀಸ್ ಠಾಣೆ ಆವರಣದಲ್ಲಿ ವರ್ಷಗಟ್ಟಲೆ ನಿಂತ ಜಪ್ತಿ ಗಾಡಿಗಳಲ್ಲೂ ಮಳೆ ನೀರು ನಿಲ್ಲುತ್ತೆ. ದಂಡ ವಸೂಲಿ ಮಾಡೋರ ಕಾಂಪೌಂಡ್ ಮೊದಲು ಒಣಗಿದರೆ ಓಣಿಯವರಿಗೆ ಹೇಳೋ ಮಾತಿಗೂ ತೂಕ ಬರುತ್ತೆ.

ಅಂಗಡಿ ಮುಂದೆ, ಅಂಗಡಿ ಹಿಂದೆ

ಹಗಲು ಕಚ್ಚೋ ಸೊಳ್ಳೆಗೆ ಹಗಲು ಜನ ಸೇರೋ ಜಾಗ ಬೇಕು. ಹಾಗಾಗಿ ಮಂಡಿಪೇಟೆ, ಚೌಕಿಪೇಟೆ, ಹರಿಹರದ ಪೇಟೆ ಬೀದಿಗಳ ಅಂಗಡಿಯವರಿಗೆ ಈ ವಿಷಯ ಮನೆಯವರಷ್ಟೇ ಮುಖ್ಯ. ಗಿರಾಕಿ ಹತ್ತು ನಿಮಿಷ ಬಂದು ಹೋಗ್ತಾರೆ, ಗಲ್ಲಾ ಮೇಲೆ ಕೂತ ಮಾಲೀಕರು, ಕೆಲಸದ ಹುಡುಗರು ಇಡೀ ದಿನ ಅಲ್ಲೇ.

ಪಿ.ಬಿ. ರಸ್ತೆಯ ಗ್ಯಾರೇಜ್, ಪಂಕ್ಚರ್ ಶಾಪುಗಳ ಮುಂದೆ ಪೇರಿಸಿಟ್ಟ ಹಳೇ ಟೈರು ಈಡಿಸ್‌ಗೆ ಅರಮನೆ ಇದ್ದ ಹಾಗೆ. ಟೈರಿನ ಒಳಮಡಿಕೆಯಲ್ಲಿ ನಿಂತ ನೀರು ಬೇಗ ಆರಲ್ಲ, ಬಿಸಿಲೂ ತಾಗಲ್ಲ. ಟೈರನ್ನು ಸೂರಿನ ಕೆಳಗೆ ಇಡಬೇಕು, ಆಗದಿದ್ದರೆ ತಾಡಪಾಲು ಹೊದಿಸಬೇಕು. ಬೇಡವಾದ ಟೈರಿಗೆ ತೂತು ಕೊರೆದರೆ ನೀರು ನಿಲ್ಲಲ್ಲ. ಮಂಡಕ್ಕಿ ಭಟ್ಟಿಗಳಿಗೆ ಒಂದು ಕಾಲದಲ್ಲಿ ಹಳೇ ಟೈರೇ ಉರುವಲಾಗಿತ್ತು ಅನ್ನೋದು ದಾವಣಗೆರೆಗೆ ಹೊಸ ಸುದ್ದಿ ಅಲ್ಲ. ಟೈರಿನ ಹೊಗೆ ಬಗ್ಗೆ ಊರು ಮಾತಾಡಿತು, ಪೇರಿಸಿಟ್ಟ ಟೈರಿನ ನೀರಿನ ಬಗ್ಗೆ ಮಾತಾಡಿದ್ದು ಕಮ್ಮಿ. ಭತ್ತ ನೆನೆಹಾಕೋ ತೊಟ್ಟಿಗಳನ್ನೂ ಕೆಲಸ ನಿಂತ ದಿನಗಳಲ್ಲಿ ಖಾಲಿ ಮಾಡಿ ತಿಕ್ಕಬೇಕಾಗುತ್ತೆ.

ಎಳನೀರು ಮಾರೋರು ಸಂಜೆ ಬುರುಡೆಗಳನ್ನು ರಸ್ತೆ ಪಕ್ಕ ಗುಡ್ಡೆ ಹಾಕಿ ಹೋದರೆ, ಒಂದು ಮಳೆಗೆ ಪ್ರತಿ ಬುರುಡೆಯೂ ಒಂದೊಂದು ಬಟ್ಟಲು. ಬುರುಡೆಯನ್ನು ನಾಲ್ಕು ಹೋಳು ಮಾಡಿ ಎಸೆದರೆ ನೀರು ನಿಲ್ಲೋ ಮಾತೇ ಇಲ್ಲ. ಅಂಗಡಿ ಮುಂದಿನ ತಾಡಪಾಲಿನ ಜೋಲು, ಫ್ರಿಜ್ ಹಿಂದಿನ ಟ್ರೇ, ಕೂಲರ್, ಎಸಿ ನೀರು ಬೀಳೋ ಬಕೆಟ್, ಹೂವಿನ ಅಂಗಡಿಯ ಬಕೆಟ್, ಗಲ್ಲಾ ಪಕ್ಕದ ಮನಿ ಪ್ಲಾಂಟ್ ಬಾಟಲಿ, ಹೋಟೆಲಿನ ಹಿತ್ತಿಲಲ್ಲಿ ಮಳೆಗೆ ಬಿಟ್ಟ ಎಣ್ಣೆ ಡಬ್ಬ – ಒಂದು ಸುತ್ತು ಹಾಕಿದರೆ ಹತ್ತು ನಿಮಿಷದ ಕೆಲಸ. 2024ರಲ್ಲಿ ಆರೋಗ್ಯ ಇಲಾಖೆ ಶುಕ್ರವಾರಗಳನ್ನು ಲಾರ್ವಾ ನಾಶದ ದಿನ ಅಂತ ಮಾಡಿಕೊಂಡಿತ್ತು. ಶುಕ್ರವಾರ ಲಕ್ಷ್ಮಿ ಪೂಜೆಗೆ ಅಂಗಡಿ ಗುಡಿಸಿ ಒರೆಸೋ ವ್ಯಾಪಾರಸ್ಥರಿಗೆ ಅದೇ ದಿನ ಅಂಗಡಿ ಹಿಂದೆಯೂ ಒಮ್ಮೆ ನೋಡೋದು ದೊಡ್ಡ ಕೆಲಸ ಏನಲ್ಲ.

ಸೊಳ್ಳೆ ಬಸ್ ಹತ್ತಲ್ಲ, ಜ್ವರ ಹತ್ತುತ್ತೆ

ದಾವಣಗೆರೆಗೂ ಹರಿಹರಕ್ಕೂ ಹದಿನಾಲ್ಕು ಕಿಲೋಮೀಟರ್. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ, ಬಟ್ಟೆ ಖರೀದಿಗೆ ಜನ ದಿನಾ ಓಡಾಡ್ತಾನೇ ಇರ್ತಾರೆ. ಡೆಂಗಿ ವೈರಸ್ ಒಂದೂರಿಂದ ಇನ್ನೊಂದೂರಿಗೆ ಸೊಳ್ಳೆ ಜೊತೆ ಹೋಗೋದಕ್ಕಿಂತ ಮನುಷ್ಯರ ರಕ್ತದಲ್ಲಿ ಹೋಗೋದೇ ಹೆಚ್ಚು. ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನದಲ್ಲಿ ಜ್ವರ ಬರುತ್ತೆ. ಜ್ವರ ಇದ್ದವರನ್ನು ಇನ್ನೊಂದು ಈಡಿಸ್ ಕಚ್ಚಿದರೆ, ಎಂಟರಿಂದ ಹನ್ನೆರಡು ದಿನ ಕಳೆದ ಮೇಲೆ ಆ ಸೊಳ್ಳೆ ಕಚ್ಚಿದವರಿಗೆಲ್ಲಾ ಹರಡಬಹುದು.

ಇದರಿಂದ ಒಂದು ಗೊಂದಲವೂ ಆಗುತ್ತೆ. ಹರಿಹರದಲ್ಲಿ ಮನೆ, ದಾವಣಗೆರೆಯಲ್ಲಿ ಅಂಗಡಿ ಕೆಲಸ ಇರೋ ಹುಡುಗನಿಗೆ ಜ್ವರ ಬಂದರೆ ಆಸ್ಪತ್ರೆ ಪುಸ್ತಕದಲ್ಲಿ ಬರೆಯೋದು ಹರಿಹರದ ವಿಳಾಸ. ಹೊಗೆ ಗಾಡಿ ಹೋಗೋದೂ ಆ ಓಣಿಗೇ. ಕಚ್ಚಿದ್ದು ದಾವಣಗೆರೆಯ ಅಂಗಡಿಯಲ್ಲಾಗಿದ್ದರೆ ಆ ಅಂಗಡಿ ಹಿಂದಿನ ಡ್ರಮ್ಮನ್ನು ಯಾರೂ ನೋಡೋದೇ ಇಲ್ಲ. ರೋಗಿ ಮಲಗೋದು ಎಲ್ಲಿ ಅಂತ ಕೇಳಿದ ಹಾಗೆ ಹಗಲು ಎಲ್ಲಿರ್ತಾರೆ ಅಂತಲೂ ಕೇಳಿ ಬರೆದುಕೊಂಡರೆ, ಮಹಾನಗರ ಪಾಲಿಕೆ ಮತ್ತು ಹರಿಹರ ನಗರಸಭೆ ಆ ಮಾಹಿತಿ ಹಂಚಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಇನ್ನು ಹೊಗೆ ಗಾಡಿ ವಿಷಯ. ಫಾಗಿಂಗ್ ಮಾಡಿದರೆ ಏನೋ ಆಯ್ತು ಅಂತ ಜನಕ್ಕೂ ಸಮಾಧಾನ, ವಾರ್ಡಿನ ಮುಖಂಡರಿಗೂ ಫೋಟೋ. ಹೊಗೆ ಸಾಯಿಸೋದು ಆ ಹೊತ್ತಿನಲ್ಲಿ ಹಾರಾಡೋ ಸೊಳ್ಳೆಯನ್ನು ಮಾತ್ರ. ಡ್ರಮ್ಮಿನೊಳಗಿನ ಲಾರ್ವಾಗೆ ಅದು ತಟ್ಟಲ್ಲ, ಮಂಚದ ಕೆಳಗೆ, ಬಟ್ಟೆ ಹಿಂದೆ ಕೂತ ಸೊಳ್ಳೆಗೂ ಅಷ್ಟಾಗಿ ತಟ್ಟಲ್ಲ. ಪ್ರಕರಣ ಬಂದ ಜಾಗದಲ್ಲಿ ಫಾಗಿಂಗ್ ಬೇಕು. ಆದರೆ ಡ್ರಮ್ ತಿಕ್ಕದೇ ಬರೀ ಹೊಗೆ ಬಿಟ್ಟರೆ ಒಂದೇ ವಾರದಲ್ಲಿ ಹೊಸ ಸೊಳ್ಳೆ ರೆಡಿ.

ಜ್ವರ ಬಂದರೆ

ಮಳೆಗಾಲದಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ನೋವು, ಮೈಮೇಲೆ ಕೆಂಪು ಗುಳ್ಳೆ ಕಂಡರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ದೂಡಬಾರದು. ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತಗೊಂಡರೆ ರಕ್ತಸ್ರಾವದ ಅಪಾಯ ಜಾಸ್ತಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ. ನೀರು, ಗಂಜಿ, ಮಜ್ಜಿಗೆ, ಓಆರ್‌ಎಸ್, ಎಳನೀರು ಹೊಟ್ಟೆಗೆ ಹೋಗ್ತಾ ಇರಬೇಕು. ಜ್ವರ ಇದ್ದವರು ಹಗಲೂ ಸೊಳ್ಳೆ ಪರದೆಯೊಳಗೆ ಮಲಗಿದರೆ ಮನೆಯ ಉಳಿದವರಿಗೆ ಹರಡೋದು ತಪ್ಪುತ್ತೆ.

ಜನ ಮೋಸ ಹೋಗೋದು ಜ್ವರ ಬಿಟ್ಟ ದಿನ. 'ಜ್ವರ ಇಳೀತು, ಅಂಗಡಿ ತೆಗೀಬಹುದು' ಅಂದುಕೊಳ್ಳೋ ಆ ಒಂದೆರಡು ದಿನವೇ ಡೆಂಗಿಯಲ್ಲಿ ಹೆಚ್ಚು ಅಪಾಯದ ಹೊತ್ತು. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ಮೂಗಲ್ಲಿ ರಕ್ತ, ಕಪ್ಪು ಮಲ, ಉಸಿರಾಟಕ್ಕೆ ಕಷ್ಟ, ಕೈಕಾಲು ತಣ್ಣಗಾಗೋದು, ಮಗು ಮಂಕಾಗೋದು – ಇದರಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೊದಲು ಒಮ್ಮೆ ಡೆಂಗಿ ಬಂದವರು ಇನ್ನೂ ಹುಷಾರಾಗಿರಬೇಕು. ಈ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಎರಡನೇ ಸಲ ಬೇರೆ ಬಗೆ ತಗುಲಿದರೆ ತೀವ್ರವಾಗೋ ಸಾಧ್ಯತೆ ಹೆಚ್ಚು.

'ಬಿಳಿ ರಕ್ತಕಣ ಕಮ್ಮಿ ಆಗ್ಯಾವಂತೆ' ಅನ್ನೋ ಗಾಬರಿ ಡೆಂಗಿ ಸೀಸನ್ನಿನ ಮಾಮೂಲಿ ಮಾತು. ಜನ ಬಿಳಿ ರಕ್ತಕಣ ಅಂತ ಕರೆಯೋದು ಪ್ಲೇಟ್‌ಲೆಟ್‌ಗಳನ್ನು. ಆ ಸಂಖ್ಯೆ ಒಂದೇ ನೋಡಿ ಹೆದರೋದು ಬೇಡ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಹತ್ತು ಸಾವಿರಕ್ಕಿಂತ ಕೆಳಗೆ ಇಳಿದಾಗಲೇ ಪ್ಲೇಟ್‌ಲೆಟ್ ಹಾಕೋ ಯೋಚನೆ ಮಾಡ್ತಾರೆ. ಪರಂಗಿ ಎಲೆ ರಸ, ದುಬಾರಿ ಕಿವಿ ಹಣ್ಣು ಹುಡುಕೋ ಓಡಾಟದಲ್ಲಿ ಆಸ್ಪತ್ರೆಗೆ ಹೋಗೋದು ತಡ ಆಗಬಾರದು.

ಟೆಸ್ಟ್ ವಿಷಯದಲ್ಲೂ ಲೆಕ್ಕ ಗೊತ್ತಿರಲಿ. ಜ್ವರ ಬಂದ ಮೊದಲ ಐದು ದಿನ ಎನ್‌ಎಸ್‌1, ಆಮೇಲೆ ಐಜಿಎಂ ಪರೀಕ್ಷೆ ಉಪಯೋಗಕ್ಕೆ ಬರುತ್ತೆ. 2024ರ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ನಿಗದಿ ಮಾಡಿ, ಎಲಿಸಾ ವಿಧಾನದ ಎನ್‌ಎಸ್‌1ಗೆ 300, ಐಜಿಎಂಗೆ 300, ಕಾರ್ಡ್ ಟೆಸ್ಟಿಗೆ 250 ರೂಪಾಯಿ ಅಂತ ಹೇಳಿತ್ತು. ಬಿಲ್ ಕೊಡೋ ಮುಂಚೆ ಈಗಿನ ಸರ್ಕಾರಿ ದರ ಎಷ್ಟು ಅಂತ ಕೇಳೋದು ರೋಗಿಯ ಹಕ್ಕು.

ಪಾಲಿಕೆ ಮಾಡಬಹುದಾದ ಸುಲಭದ ಕೆಲಸ

ದೊಡ್ಡ ಯೋಜನೆ ಮುಗಿಯೋವರೆಗೆ ಕಾಯಬೇಕಿಲ್ಲ. ಯಾವ ಬಡಾವಣೆಗೆ ಯಾವತ್ತು ನೀರು ಬಿಡ್ತೀವಿ ಅಂತ ಹಿಂದಿನ ದಿನವೇ ಖಚಿತವಾಗಿ ಹೇಳಿದರೆ, ಮನೆಯವರು ಧೈರ್ಯವಾಗಿ ಹಳೇ ನೀರು ಖರ್ಚು ಮಾಡಿ ಡ್ರಮ್ ತಿಕ್ಕಬಹುದು. ಕಸದ ಗಾಡಿಯ ಮೈಕಿನಲ್ಲಿ 'ನಾಳೆ ನೀರು, ಇವತ್ತು ಡ್ರಮ್ ತಿಕ್ಕಿ' ಅಂತ ಒಂದು ಸಾಲು ಸೇರಿಸೋಕೆ ಟೆಂಡರ್ ಬೇಕಿಲ್ಲ. ಆಶಾ ಕಾರ್ಯಕರ್ತೆಯರ ಲಾರ್ವಾ ಸಮೀಕ್ಷೆಯನ್ನೂ ನೀರು ಬಿಡೋ ಹಿಂದಿನ ದಿನಕ್ಕೆ ಹೊಂದಿಸಿದರೆ, ಡ್ರಮ್ಮಿನಲ್ಲಿ ನೀರು ತಳ ಕಂಡಿರೋ ಹೊತ್ತಿಗೇ ಅವರು ಬಾಗಿಲಿಗೆ ಬರ್ತಾರೆ. ಆಗ 'ಚೆಲ್ಲಿ' ಅಂದರೆ ಚೆಲ್ಲೋರಿಗೂ ಹೊಟ್ಟೆ ಉರಿಯಲ್ಲ.

ಹೇಳಿದ ದಿನ ನೀರು ಬರಲಿಲ್ಲ ಅಂದರೆ ಮಾತ್ರ ಈ ಲೆಕ್ಕ ಎಲ್ಲಾ ಕೆಡುತ್ತೆ. ಒಂದು ಸಲ ಡ್ರಮ್ ಖಾಲಿ ಮಾಡಿ ಮೋಸ ಹೋದ ಮನೆಯವರು ಮುಂದಿನ ಸಲ ಯಾರ ಮಾತೂ ಕೇಳಲ್ಲ. ಡ್ರಮ್ ತಿಕ್ಕೋದು ಮನೆಯವರ ಕೆಲಸ, ಹೇಳಿದ ದಿನ ನೀರು ಬಿಡೋದು ಪಾಲಿಕೆ, ನಗರಸಭೆ ಕೆಲಸ. ಇವೆರಡರಲ್ಲಿ ಒಂದು ತಪ್ಪಿದರೂ ಮುಂದಿನ ನೀರಿನ ದಿನದ ಹೊತ್ತಿಗೆ ಡ್ರಮ್ಮಿನ ಗೋಡೆ ಮೇಲೆ ಮೊಟ್ಟೆ ಕಾಯ್ತಾ ಇರುತ್ತೆ.